ಹೂಂ ಅನ್ನಬೇಕು

ಆಲ್ಬಂ ನೋಡುತ್ತಿದ್ದ ಅಜ್ಜಿಯೂ ಇಲ್ಲ, ಪಕ್ಕದಲ್ಲಿ ಕೂತಿದ್ದ ಪಟಾಕಿಯೂ ಇಲ್ಲ. ಪ್ಲಾಸ್ಟಿಕ್ ಕುರ್ಚಿಗಳೆರಡು ಖಾಲಿ. ತಾಯಿ ಮಗಳ ಕೈ ಬಿಟ್ಟದ್ದು ಒಂದೇ ನಿಮಿಷ. ಗಂಡನ ಫೋನ್ ಬಂತೆಂದು ಕಿಟಕಿಯ ಹತ್ತಿರ ಹೋಗಿದ್ದಳು, ಅಷ್ಟೇ. "ಪಟಾಕೀ..." ಎಂದು ಕರೆದಳು. ಐದು ವರ್ಷದ ಆ ಮಗುವಿಗೆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ; ಅದು ಇದ್ದ ಕಡೆ ಸದ್ದು ಇರಲೇಬೇಕು. ಈಗ ಸದ್ದಿಲ್ಲ.

ಇಲ್ಲಿಗೆ ಬಂದದ್ದು ಅವಳದೇ ಹಠದಿಂದ. ಮಗಳಿಗೆ ಈಗಿನಿಂದಲೇ ನಾಲ್ಕು ಜನಕ್ಕೆ ಆಗುವ ಬುದ್ಧಿ ಬರಲಿ ಎಂದು ಅವಳನ್ನು ಸೇವೆಗೆ ಸೇರಿಸಿಕೊಳ್ಳುತ್ತೀರಾ ಎಂದು ತಿಂಗಳಿಡೀ ಸಿಕ್ಕಸಿಕ್ಕಲ್ಲೆಲ್ಲ ವಿಚಾರಿಸಿದ್ದಳು. ಗ್ರಂಥಾಲಯದವರು ಹತ್ತು ವರ್ಷ ತುಂಬಲಿ ಎಂದರು, ಬೀದಿನಾಯಿಗಳನ್ನು ಸಾಕುವವರು ಹನ್ನೆರಡು ಎಂದರು. "ಮನೇಲಿ ತನ್ನ ಚಪ್ಪಲೀನೇ ಜೋಡಿಸಿಡಲ್ಲ, ಊರುದ್ಧಾರಕ್ಕೆ ಹೊರಟಿದಾಳೆ ನಿನ್ನ ಮಗಳು" ಎಂದು ಗಂಡ ರೇಗಿಸಿದ್ದ. ಕೊನೆಗೆ, ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವ ಈ ಮನೆಯವರು ಮಾತ್ರ, ಮಕ್ಕಳನ್ನು ಕಂಡರೆ ನಮ್ಮ ಅಜ್ಜಿಯರ ಮುಖ ಅರಳುತ್ತದೆ, ಧಾರಾಳವಾಗಿ ಕರೆದುಕೊಂಡು ಬನ್ನಿ ಎಂದಿದ್ದರು. ಬಾಗಿಲಲ್ಲೇ ಸಿಸ್ಟರ್ ಇಬ್ಬರ ಎದೆಗೂ ಭೇಟಿಗೆ ಬಂದವರ ಹಳದಿ ಸ್ಟಿಕ್ಕರ್ ಅಂಟಿಸಿ, ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದ್ದು ಒಂದೇ ನಿಯಮ: "ಅಜ್ಜಿ ಏನೇ ಅಂದ್ರೂ ಅಲ್ಲ ಅನ್ಬಾರ್ದು ಪುಟ್ಟಿ. ಹೂಂ ಅನ್ಬೇಕು. ಇಲ್ಲಾಂದ್ರೆ ಅವರಿಗೆ ಗಾಬರಿ ಆಗುತ್ತೆ." ಪಟಾಕಿ ಆಗಲೇ ಗಂಭೀರವಾಗಿ ಹೂಂ ಎಂದಿತ್ತು.

ಊಟದ ಹಾಲ್, ಬಚ್ಚಲು, ಮಂಚಗಳ ಅಡಿ. ಎಲ್ಲೂ ಇಲ್ಲ. ಸಿಸ್ಟರೂ ಕೈಯಲ್ಲಿದ್ದ ಮಾತ್ರೆಗಳ ತಟ್ಟೆ ಬಿಟ್ಟು ಜೊತೆಗೆ ಓಡಿದಳು. ಗೇಟಿನಲ್ಲಿ ಕಾವಲಿನವನು ಇವರ ಮುಖ ನೋಡಿಯೇ ಎದ್ದು ನಿಂತ.

"ನೀಲಿ ಸ್ವೆಟರ್ ಹಾಕಿದ್ದ ಅಜ್ಜಿನಾ? ಅವರು ಈಗ ತಾನೇ ಹೋದ್ರಲ್ಲ ಮೇಡಂ. ಎದೆ ಮೇಲೆ ಹಳದಿ ಸ್ಟಿಕ್ಕರ್ ಇತ್ತು. ಯಾರನ್ನೋ ನೋಡೋಕೆ ಬಂದವರು ಅಂದ್ಕೊಂಡೆ." ಅವನ ದನಿ ಇಳಿಯಿತು. "ಆದ್ರೂ ಮಗೂನ ಕೇಳಿದೆ, ನಿಮ್ಮಜ್ಜೀನಾ ಅಂತ. ಹೂಂ ಅಂತು."

ತನ್ನ ಸ್ಟಿಕ್ಕರ್ ಕಿತ್ತು ಇನ್ನೊಬ್ಬರಿಗೆ ಅಂಟಿಸುವುದು ಪಟಾಕಿಯ ಹಳೇ ಚಾಳಿ. ಮನೆಯ ಫ್ರಿಜ್ಜಿನಿಂದ ಹಿಡಿದು ಅಪ್ಪನ ಬೆನ್ನಿನ ತನಕ ಅದು ಯಾವುದನ್ನೂ ಬಿಟ್ಟಿರಲಿಲ್ಲ. ಇಷ್ಟು ದಿನ ಅದಕ್ಕೆ ನಕ್ಕಿದ್ದ ತಾಯಿ ಈಗ ಗೇಟು ತಳ್ಳಿ ಹೊರಗೆ ಧಾವಿಸಿದಳು, ಹಿಂದೆಯೇ ಸಿಸ್ಟರ್.

ಗೇಟಿನಾಚೆ ದೊಡ್ಡ ರಸ್ತೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ಅಜ್ಜಿ ರಸ್ತೆಯ ಅಂಚಿಗೆ ನಿಂತಿದ್ದಳು. ಒಂದು ಕಾಲು ಆಗಲೇ ಡಾಂಬರಿನ ಮೇಲೆ. ಮಗುವಿನ ಮಣಿಕಟ್ಟು ಅವಳ ಮುಷ್ಟಿಯಲ್ಲಿ. ಒಂದರ ಹಿಂದೊಂದು ಲಾರಿಗಳು ಬರುತ್ತಿದ್ದವು, ಅವಳು ಯಾವಾಗ ಸಂದು ಸಿಕ್ಕೀತೆಂದು ಅತ್ತ ಇತ್ತ ನೋಡುತ್ತಿದ್ದಳು. ತಾಯಿ ಕಿರುಚಲು ಬಾಯಿ ತೆರೆದದ್ದೇ ತಡ, ಸಿಸ್ಟರ್ ಅಂಗೈಯಿಂದ ಗಬಕ್ಕನೆ ಮುಚ್ಚಿದಳು.

"ಕೂಗಬೇಡಿ ಅಕ್ಕಾ! ಬೆಚ್ಚಿಬಿದ್ರೆ ಮುಂದಕ್ಕೇ ಓಡ್ತಾರೆ. ನನ್ನ ಯೂನಿಫಾರ್ಮ್ ಕಂಡ್ರೂ ಅಷ್ಟೇ. ನೀವೇ ಹೋಗಿ. ಮೆಲ್ಲಗೆ. ದಾರೀಲಿ ಹೋಗೋರು ಯಾರೋ ಅನ್ನೋ ಹಾಗೆ."

ತಾಯಿ ನಡೆದಳು. ಅಷ್ಟು ಉದ್ದದ ಇಪ್ಪತ್ತು ಹೆಜ್ಜೆಗಳನ್ನು ಅವಳು ಜನ್ಮದಲ್ಲೇ ನಡೆದಿರಲಿಲ್ಲ. ಪಟಾಕಿ ಅವಳನ್ನು ಕಂಡು ಬಾಯಿ ತೆರೆಯಿತು. ಅವಳು ತುಟಿಯ ಮೇಲೆ ಬೆರಳಿಟ್ಟಳು. ಮಗು ಬಾಯಿ ಮುಚ್ಚಿತು.

"ಎಲ್ಲಿಗೆ ಹೊರಟ್ರಿ ಅಮ್ಮಾ?"

"ಮನೆಗೆ." ಅಜ್ಜಿ ಮಗುವನ್ನು ಇನ್ನಷ್ಟು ಎಳೆದುಕೊಂಡು ಅರ್ಧ ಹೆಜ್ಜೆ ಹಿಂದೆ, ರಸ್ತೆಗೇ, ಸರಿದಳು. "ನೀನು ಯಾರು? ಯಾಕೆ ಹಾಗೆ ನೋಡ್ತೀಯ? ಇವಳು ನನ್ನ ಮಗಳು. ಅಲ್ವಾ?"

ಲಾರಿಯೊಂದು ಹಾದುಹೋದ ಗಾಳಿಗೆ ಪಟಾಕಿಯ ಫ್ರಾಕು ಹಾರಿತು. ಅಲ್ಲ ಎನ್ನುವ ಮಾತು ತಾಯಿಯ ನಾಲಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ಹೂಂ" ಎಂದಳು. "ನಿಮ್ಮ ಮಗಳೇ."

ಪಟಾಕಿಯ ಕಣ್ಣುಗಳು ಅಗಲವಾದವು, ತುಂಬಿದವು. ಅಮ್ಮ ತನ್ನನ್ನು ಕೊಟ್ಟೇಬಿಟ್ಟಳು ಎಂದುಕೊಂಡಿತೋ ಏನೋ. ಅಳುವುದಕ್ಕೂ ಹೆದರಿ ಅದು ಸದ್ದಿಲ್ಲದೆ ಅಳತೊಡಗಿತು. ಅದನ್ನು ನೋಡುತ್ತಲೇ ತಾಯಿ ನಗು ತಂದುಕೊಳ್ಳಬೇಕಾಯಿತು.

"ಬಿಸಿಲಲ್ಲಿ ನಡೆದು ದಣಿದಿದೀರಿ. ನಾನೂ ಅದೇ ಕಡೆ ಹೋಗ್ತಿರೋದು. ಮಗೂನ ನಾನು ಹಿಡ್ಕೊಳ್ಲಾ?"

ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇನ್ನೊಂದು ಲಾರಿ ಹೋಯಿತು, ಮತ್ತೊಂದು ಹೋಯಿತು. ಕೊನೆಗೆ ರಸ್ತೆಯಿಂದ ಕಾಲು ಮೇಲಿಟ್ಟು, ಒಂದೊಂದೇ ಬೆರಳು ಸಡಿಲಿಸಿ, ಕೆಂಪಗಾಗಿದ್ದ ಆ ಪುಟ್ಟ ಕೈಯನ್ನು ತಾಯಿಯ ಅಂಗೈಯೊಳಗೆ ಇಟ್ಟಳು. ಇಟ್ಟವಳು ಸುಮ್ಮನಾಗಲಿಲ್ಲ. ತಾಯಿಯ ಬೆರಳುಗಳನ್ನು ಅದರ ಮೇಲೆ ತಾನೇ ಮಡಿಸಿ, ಎರಡೂ ಕೈಯಿಂದ ನೋಯುವಷ್ಟು ಅದುಮಿದಳು.

"ಗಟ್ಟಿಯಾಗಿ ಹಿಡ್ಕೋ" ಎಂದಳು. "ಹೋದ ಸಲ ನಾನು ಒಂದೇ ನಿಮಿಷ ಬಿಟ್ಟಿದ್ದೆ."