ಕರೆಯದೆ ಬರುವ ಡಾಕ್ಟರು

ಆ ಡಾಕ್ಟರು ಮನೆಗೆ ಬಂದರೆ ನನಗೆ ಹೇಸಿಗೆಯಾಗುತ್ತಿತ್ತು. ಮಾವನ ಪಂಚೆ ಸರಿಸಿ, ಸಂತೆಯಲ್ಲಿ ಪರಂಗಿಹಣ್ಣು ಅದುಮಿ ನೋಡುವ ಹಾಗೆ ತೊಡೆ ಅದುಮುತ್ತಿದ್ದರು. ಅದೇ ಕೈಯಲ್ಲಿ ನಾನು ಮಾಡಿದ ಉಪ್ಪಿಟ್ಟು ತಿನ್ನುತ್ತಿದ್ದರು.

ಮುರಿದ ತೊಡೆಮೂಳೆಯೊಳಗೆ ನ್ಯಾನೋ ಲೇಪದ ಸರಳು ಕೂರಿಸಿದವರು ಅವರೇ.

"ನಿಮ್ಮ ಮೂಳೆ ಆ ಲೇಪದೊಳಕ್ಕೆ ಬೇರು ಬಿಟ್ಟಿದೆ ಯಜಮಾನ್ರೇ. ಎಕ್ಸ್‌ರೇಲಿ ಪೂರ್ತಿ ಕಾಣಲ್ಲ. ಒಂದ್ಸಲ ಕಣ್ಣಾರೆ ನೋಡ್ಬೇಕು ನಾನು," ಎಂದರು ಒಂದು ದಿನ. ಆಮೇಲೆ ಕೈ ಒರೆಸಿಕೊಳ್ಳುತ್ತ, "ಅಂದಹಾಗೆ, ನಿಮ್ಮಲ್ಲಿ ಹೂಳ್ತಾರೋ, ಸುಡ್ತಾರೋ?"

"ಸುಡ್ತೀವಿ," ಎಂದು ಮಾವ ನಕ್ಕರು. ಡಾಕ್ಟರ ಮುಖ ಸಪ್ಪಗಾಯಿತು.

"ಥೂ, ಕೇಳೋ ಮಾತಾ ಅದು!" ಎಂದೆ ಅಡುಗೆಮನೆಯಲ್ಲಿ.

"ಸುಮ್ನಿರೇ. ದೇವರಂಥ ಮನುಷ್ಯ. ಕರೀದೇ ಮನೆಗೆ ಬರೋ ಡಾಕ್ಟ್ರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ?" ಎಂದರು ಅತ್ತೆ.

ಆ ಚಳಿಗಾಲದಲ್ಲಿ ಮಾವನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯವರು ಕೈಚೆಲ್ಲಿದ ಮೇಲೆ ಮನೆಗೆ ಕರೆತಂದೆವು. ಮೈ ಕೆಂಡದಂತೆ ಸುಡುತ್ತಿತ್ತು. ಅತ್ತೆ ಫೋನ್ ಮಾಡಿದ್ದೇ ತಡ, ಡಾಕ್ಟರು ದೊಡ್ಡದೊಂದು ಥರ್ಮೋಕೋಲ್ ಡಬ್ಬಿ ಹೊತ್ತುಕೊಂಡು ಓಡಿಬಂದರು.

"ನೋಡೇ, ಜ್ವರ ಅಂದಿದ್ದಕ್ಕೆ ಐಸ್ ತಂದಿದಾರೆ!" ಅತ್ತೆ ಕಣ್ಣೊರೆಸಿಕೊಂಡರು.

ನನಗೆ ನನ್ನ ಮೇಲೇ ಅಸಹ್ಯವಾಯಿತು. ಮಾವನ ಹಣೆಗೆ ತಣ್ಣೀರುಪಟ್ಟಿ ಹಾಕಲು ಬಟ್ಟೆ ತಂದು, ಡಬ್ಬಿಯ ಮುಚ್ಚಳ ತೆಗೆದೆ. ಐಸಿನ ಮೇಲೆ ಸ್ಟೀಲಿನ ಗರಗಸವಿತ್ತು.

ಮಾವ ಇನ್ನೂ ಉಸಿರಾಡುತ್ತಿದ್ದರು.

"ಅದನ್ನ ಮುಟ್ಬೇಡಿಮ್ಮ," ಡಾಕ್ಟರು ಪಿಸುಗುಟ್ಟಿದರು. "ಆ ಐಸು ಕಾಲಿಗೆ."