ತೇಗು ಬಾರದ ಸೋಡಾ

ಕುರಿದೊಡ್ಡಿಯ ಸಂದಿಯಲ್ಲಿ ಕಣ್ಣಿಟ್ಟು ಪಾಶ್ಕು ತನ್ನ ಮಗಳ ಕಳ್ಳತನ ನೋಡಿದಳು.

ಶುಂಕಾ ನೆಲದ ಮೇಲೆ ಕೂತಿದ್ದಳು. ದೊಡ್ಡ ಪ್ಲಾಸ್ಟಿಕ್ ಬಾಟಲಿಯಿಂದ ಗಾಜಿನ ಸಣ್ಣ ಬಾಟಲಿಗಳಿಗೆ ಲಾಳಿಕೆ ಇಟ್ಟು ಕಪ್ಪು ಸೋಡಾ ಸುರಿಯುತ್ತಿದ್ದಳು. ತುಂಬಿದ ಮೇಲೆ ಹಳೆಯ ಮುಚ್ಚಳವನ್ನೇ ಒತ್ತಿ ಕ್ರೇಟಿನಲ್ಲಿ ಇಡುತ್ತಿದ್ದಳು.

ಓಹೋ, ಹೀಗಾ! ಕ್ರೇಟಿನ ಬಾಟಲಿಗಳನ್ನು ಪಾಶ್ಕು ದಿನವೂ ಎಣಿಸುತ್ತಿದ್ದಳು. ಒಂದು ದಿನವೂ ಕಡಿಮೆ ಬಿದ್ದಿರಲಿಲ್ಲ. ಅಪ್ಪ ಕದ್ದು ಕುಡಿಯುವುದು, ಮಗಳು ತುಂಬಿಸಿಡುವುದು.

ಪಾಶ್ಕುವಿನ ಗಂಡ ರೊಮಿನ್ ಚಮುಲಾದ ಗುಡ್ಡಕ್ಕೆಲ್ಲ ಪಂಚ. ಅಲ್ಲಿ ಹೆಣ್ಣು ಕೇಳಲು ಹೋದರೂ ಸೋಡಾ, ಕುರಿ ಕದ್ದವನು ತಪ್ಪೊಪ್ಪಿಕೊಂಡರೂ ಸೋಡಾ, ಸಂತರ ಮುಂದೆ ಮೊಣಕಾಲೂರಿದರೂ ಸೋಡಾ. ಕೊಟ್ಟ ಬಾಟಲಿ ಬೇಡವೆಂದರೆ ಕೊಟ್ಟವನ ಮುಖಕ್ಕೆ ಉಗಿದ ಹಾಗೆ. ಮೂವತ್ತು ವರ್ಷ ಜಗಳ ಬಿಡಿಸುತ್ತಾ ರೊಮಿನ್ ಕುಡಿದದ್ದನ್ನು ಒಂದು ಕೆರೆಗೆ ಸುರಿದಿದ್ದರೆ ಅದರ ಮೀನುಗಳಿಗೂ ಸಕ್ಕರೆ ಕಾಯಿಲೆ ಬರುತ್ತಿತ್ತು. ಮೀನಿಗೆ ಬರಬೇಕಾದ್ದು ಅವನಿಗೆ ಬಂತು. ಎಡಗಾಲಿನ ಎರಡು ಬೆರಳು ಆಗಲೇ ಹೋಗಿದ್ದವು. ಕಣ್ಣಿಗೆ ಮಂಜು ಕವಿದಿತ್ತು.

ಹೊವೆಲ್ ಪೇಟೆಯ ಡಾಕ್ಟರಮ್ಮ ದಿನಕ್ಕೊಂದು ಸೂಜಿ ಬರೆದುಕೊಟ್ಟು, ಪಾಶ್ಕುಗೆ ಎರಡು ಮಾತು ಹೇಳಿದ್ದಳು.

"ಇವ್ನು ಸೋಡಾ ಬಿಟ್ಟ ದಿನವೇ ಬಂದು ಹೇಳಮ್ಮ, ಸೂಜಿ ಅಳತೆ ಇಳಿಸ್ಬೇಕಾಗುತ್ತೆ. ಇನ್ನೊಂದು, ಬೆವರಿ, ನಡುಗಿ, ಏನೇನೋ ಬಡಬಡಿಸಿದ್ರೆ ಸಕ್ಕರೆ ಪೂರಾ ಇಳಿದಿದೆ ಅಂತ. ತಕ್ಷಣ ಸಿಹಿ ಏನಾದ್ರೂ ಕುಡಿಸು. ಕಾಲು ಗಂಟೇಲಿ ಎದ್ದು ಕೂರ್ತಾನೆ."

ಪಾಶ್ಕು ಅಂದೇ ಮನೆಯ ಸಕ್ಕರೆ, ಬೆಲ್ಲವನ್ನೆಲ್ಲ ಪಕ್ಕದ ಮಾರ್ಯಾನನಿಗೆ ಕೊಟ್ಟುಬಿಟ್ಟಳು. ಬಂದವರ ಮರ್ಯಾದೆಗೆಂದು ಕ್ರೇಟೊಂದು ಉಳಿಯಿತು. ಈಗ ಆ ಕ್ರೇಟಿಗೇ ಮಗಳು ಕನ್ನ ಹಾಕಿದ್ದಳು.

"ಕಳ್ಳೀ! ಅಪ್ಪನ ಮೂರನೇ ಬೆರಳೂ ಬೇಕೇನೇ ನಿಂಗೆ? ಸರ ಮಾಡಿ ಕತ್ತಿಗೆ ಹಾಕ್ಕೊಳ್ತೀಯಾ?"

ಶುಂಕಾ ಬೆಚ್ಚಿದಳು. ಆಮೇಲೆ ಲಾಳಿಕೆಯನ್ನು ನಿಧಾನವಾಗಿ ಶಾಲಿಗೆ ಒರೆಸಿದಳು.

"ನಾನು ಕೊಡದಿದ್ರೆ ಅಂಗಡೀಲಿ ಕುಡೀತಾನೆ ಅವ್ವಾ. ನನ್ನ ಕೈಯಿಂದ ಕುಡಿದ್ರೇ ವಾಸಿ."

"ಅದೇನು ವಾಸಿ? ಬಿಡಿಸಿ ಹೇಳು!"

"ನಿಂಗೆ ಹೇಳಿದ್ದು ಒಂದು ರೊಟ್ಟಿ ಬೇಯೋವಷ್ಟು ಹೊತ್ತಾದ್ರೂ ಅಪ್ಪನ ಕಿವಿಗೆ ಬೀಳದೆ ಇದ್ದದ್ದುಂಟಾ?"

ಉಂಟೇ ಉಂಟು ಎನ್ನಲು ಪಾಶ್ಕು ಬಾಯಿ ತೆರೆದಳು. ಆದರೆ ಅದು ಸುಳ್ಳು. ಅವಳ ಬಾಯಿಗೆ ಬಿದ್ದ ಗುಟ್ಟು ಇಗರ್ಜಿಯ ಗಂಟೆಗಿಂತ ಬೇಗ ಗುಡ್ಡ ದಾಟುತ್ತಿತ್ತು.

ಮನೆಯೊಳಗೆ ಹೋದರೆ ರೊಮಿನ್ ಬಾಟಲಿಯನ್ನು ಮುಚ್ಚಿಡುವ ಗೋಜಿಗೂ ಹೋಗದೆ ಬೆಳಕಿಗೆ ಹಿಡಿದು ಗೊಣಗುತ್ತಿದ್ದ.

"ಲೇ ಪಾಶ್ಕು, ಈಗಿನ ಸೋಡಾದಲ್ಲಿ ದಮ್ಮೇ ಇಲ್ಲ ಕಣೆ. ತಗಡು ನೆಕ್ಕಿದ ಹಾಗಿರುತ್ತೆ. ಒಂದು ತೇಗೂ ಬರಲ್ಲ. ತೇಗು ಬರದಿದ್ರೆ ಒಳಗಿರೋ ಕೇಡು ಹೊರಗೆ ಹೋಗೋದು ಹ್ಯಾಗೆ?"

"ಹಂಗಾದ್ರೆ ಬಿಡು."

"ಪಂಚ ನಾನು. ಮಗಳು ಕೊಟ್ಟಿದ್ದನ್ನ ಬೇಡ ಅಂದು ಅವಳ ಮುಖಕ್ಕೆ ಉಗೀಲಾ?"

ಈಚೆಗೆ ಅವನ ಬಾಯಾರಿಕೆ ಇಳಿದಿತ್ತು. ಸೂಜಿಯ ಮಹಿಮೆ ಎಂದುಕೊಂಡಳು ಪಾಶ್ಕು. ಸೋಡಾ ಅಂತೂ ಬಿಟ್ಟಿಲ್ಲ. ಬಿಡದವನ ಬಗ್ಗೆ ಡಾಕ್ಟರಮ್ಮನಿಗೆ ಹೋಗಿ ಹೇಳುವುದೇನು? ಮರುದಿನವೂ ಸೂಜಿಯ ಮದ್ದನ್ನು ಹಳೆಯ ಅಳತೆಯ ಗೆರೆಯವರೆಗೇ ಎಳೆದು ಚುಚ್ಚಿದಳು.

ಆ ಬೆಳಿಗ್ಗೆ ಶುಂಕಾ ಮೊದಲ ವ್ಯಾನು ಹಿಡಿದು ಪೇಟೆಗೆ ಹೋಗಿದ್ದಳು. ಬಿಸಿಲೇರುವ ಹೊತ್ತಿಗೆ ರೊಮಿನ್ ಒಲೆಯ ಪಕ್ಕ ನಡುಗತೊಡಗಿದ. ಅಂಗಿ ಬೆನ್ನಿಗೆ ಅಂಟಿತು. ಪಾಶ್ಕುವನ್ನು ನೋಡಿ, "ಅವ್ವಾ, ಕುರಿ ಎಲ್ಲಾ ಒಳಗೆ ಬಂದ್ವಾ?" ಎಂದ.

ಅವನ ಅವ್ವ ಸತ್ತು ಇಪ್ಪತ್ತು ವರ್ಷವಾಗಿತ್ತು.

ಪಾಶ್ಕು ಹೆದರಲಿಲ್ಲ. ಡಾಕ್ಟರಮ್ಮನ ಮಾತು ಅವಳಿಗೆ ಜಪದ ಹಾಗೆ ಬಾಯಿಪಾಠ. ಕ್ರೇಟಿನಿಂದ ಬಾಟಲಿ ತಂದು, ಅವನ ತಲೆಯನ್ನು ತೊಡೆಗೆ ಆನಿಸಿ, ಗುಟುಕು ಗುಟುಕಾಗಿ ಕುಡಿಸಿದಳು.

"ಕುಡಿಯಪ್ಪಾ ಪಂಚ, ಕುಡಿ. ಇವತ್ತು ಬೈಯೋದಿಲ್ಲ."

ಅವನು ಕುಡಿದ. ಇನ್ನೂ ಒಂದಿರಲಿ ಎಂದು ಮತ್ತೊಂದು ಕುಡಿಸಿದಳು. ನಡುಕ ನಿಂತಿತು. ಕಣ್ಣು ಮುಚ್ಚಿತು. ಪಾಶ್ಕು ನಿಟ್ಟುಸಿರು ಬಿಟ್ಟಳು.

ಮಾರ್ಯಾನ್ ಬಾಗಿಲಲ್ಲಿ ಇಣುಕಿದ. "ಪಾಶ್ಕಕ್ಕಾ, ಏನಾಯ್ತು? ನಮ್ಮನೇಲೂ ಸೋಡಾ ಇದೆ, ತರ್ಲಾ?"

"ಬ್ಯಾಡಪ್ಪಾ. ಎರಡು ಬಾಟಲಿ ಇಳಿದಿದೆ. ಮೂರನೇದು ಹಾಕಿದ್ರೆ ಕಾಲೇ ಹೋದೀತು."

"ಗಾಡಿಯಾದ್ರೂ ಕರೀಲಾ?"

"ಕಾಲು ಗಂಟೆ ಸುಮ್ನಿರು ಮಾರಾಯ. ಎದ್ದವನೇ ಹಸಿವು ಅಂತಾನೆ."

ಜೋಳದ ಹಿಟ್ಟು ತೆಗೆದು ರೊಟ್ಟಿ ತಟ್ಟಿದಳು. ಕಾಲು ಗಂಟೆ ಕಳೆಯಿತು. ರೊಟ್ಟಿ ಬುಟ್ಟಿ ತುಂಬಿತು. ಸೋಡಾ ಕುಡಿದವನು ಹೀಗೆ ನಿದ್ದೆ ಹೋದದ್ದನ್ನು ಅವಳು ಕಂಡಿರಲಿಲ್ಲ. ಆ ಕಪ್ಪು ನೀರು ಅವನನ್ನು ಕಣ್ಣು ಮುಚ್ಚಲು ಬಿಡುತ್ತಿರಲಿಲ್ಲ. ಪಾಪ, ದಣಿದಿದ್ದಾನೆ ಎಂದು ಕಂಬಳಿ ಹೊದಿಸಿದಳು.

ಮಧ್ಯಾಹ್ನ ಶುಂಕಾ ಬಂದಳು. ಬೆನ್ನಿನ ಚೀಲದಲ್ಲಿ ನಾಲ್ಕು ದೊಡ್ಡ ಪ್ಲಾಸ್ಟಿಕ್ ಬಾಟಲಿ.

"ಬಾರೇ ನನ್ನ ಕಳ್ಳೀ," ಎಂದು ಪಾಶ್ಕು ನಕ್ಕಳು. "ಸುಮ್ನೆ ಬೈದೆ ನಿನ್ನ. ಇವತ್ತು ನಿನ್ನ ಕಳ್ಳಸೋಡಾನೇ ಅಪ್ಪನ್ನ ಉಳಿಸ್ತು. ಸಕ್ಕರೆ ಇಳಿದು ಬಡಬಡಿಸ್ತಿದ್ದ, ನೀನು ತುಂಬಿಸಿದ್ದನ್ನೇ ಎರಡು ಬಾಟಲಿ ಕುಡಿಸ್ದೆ."

ಶುಂಕಾ ಚೀಲ ಇಳಿಸುವುದನ್ನೂ ಮರೆತು ಕಂಬಳಿಯೊಳಗೆ ಕೈ ಹಾಕಿದಳು. ಅಪ್ಪನ ಕೈ ಹಿಡಿದಳು. ಎದೆ ಮುಟ್ಟಿದಳು. ಎರಡೂ ತಣ್ಣಗಿದ್ದವು.

"ಅವ್ವಾ, ಎರಡು ತಿಂಗಳಿಂದ ನಾನು ತುಂಬಿಸ್ತಿದ್ದದ್ದು ಸಕ್ಕರೆ ಇಲ್ಲದ ಸೋಡಾ."