ಮಣ್ಣು ಮುಚ್ಚುವ ಹೊಣೆ

“ಇನ್ನೊಮ್ಮೆ ಓದ್ರಿ ಮೇಡಂ,” ಎಂದ ಖಾದರಬಾಷಾ. ಬೆಳಗಿನಿಂದ ಇದೇ ಮಾತು.

ಕೇಶ್ವಾಪುರದ ಆ ಕಚೇರಿಯಲ್ಲಿ ಕಿರಿಯ ವಕೀಲೆ ವಿದ್ಯಾ ಒಬ್ಬಳೇ ಇದ್ದಳು. ಎದುರಿಗೆ ಜನ ಕೂತರೆ ಅವಳ ದನಿ ಅರ್ಧಕ್ಕಿಳಿಯುತ್ತಿತ್ತು. ಕೈಯಲ್ಲಿ ಕರಾರುಪತ್ರ ಇದ್ದರೆ ಮಾತ್ರ ಅಷ್ಟು ಅಂಜಿಕೆಯಿಲ್ಲ.

ಗರಗದ ದಾರಿಯಲ್ಲಿ ಫಕೀರೇಶನ ಜಾಗವನ್ನು ಖಾದರಬಾಷಾ ಕಸ ಹೂಳಲು ಲೀಸಿಗೆ ಹಿಡಿದಿದ್ದ. ಹೋದ ವಾರ ಕಸದ ರಾಶಿ ಜಾರಿತು. ಮರುದಿನ ಲೀಸೂ ಮುಗಿದು, ಫಕೀರೇಶ ಗೇಟಿಗೆ ಬೀಗ ಜಡಿದ. ಬಿಡುವಾಗ ಜಾಗವನ್ನು ಸುಸ್ಥಿತಿಯಲ್ಲಿ ಒಪ್ಪಿಸಬೇಕೆಂದಿದೆ ಕರಾರು. ಹಾಗೆಂದರೆ ಜಾರಿದ್ದನ್ನೆಲ್ಲ ಅಗೆದು ತೆಗೆಯಬೇಕೇ, ಮೇಲೆ ಮಣ್ಣು ಮುಚ್ಚಿದರೆ ಸಾಕೇ?

ಅಗೆಯುವುದೆಂದರೆ ಜೆಸಿಬಿ, ಲಾರಿ, ಆಳು. ಮನುಷ್ಯ ಬೀದಿಗೆ ಬರುತ್ತಾನೆ. ಅವನ ಅವಸ್ಥೆಯೂ ಹಾಗೇ ಇತ್ತು. ಗಡ್ಡ ಬೆಳೆದಿತ್ತು. ತರಿಸಿದ ಚಹಾ ಕೆನೆಗಟ್ಟಿತ್ತು. ಘಳಿಗೆಗೊಮ್ಮೆ ಯಾರಿಗೋ ಫೋನ್ ಹಚ್ಚುತ್ತಿದ್ದ, ಸ್ವಿಚ್ ಆಫ್. ಫಕೀರೇಶನಿಗೇ ಇರಬೇಕು ಎಂದುಕೊಂಡಳು.

ಹೇಗಾದರೂ ಇವನನ್ನು ಪಾರುಮಾಡಬೇಕೆಂದು ಕರಾರನ್ನು ಜರಡಿ ಹಿಡಿದಳು. ಕಡೆಗೆ ಸಿಕ್ಕಿತು: ದಿನದ ಕಸವನ್ನು ಅಂದಂದೇ ಮಣ್ಣಿನಿಂದ ಮುಚ್ಚುವುದು ಬಾಡಿಗೆದಾರನ ಕೆಲಸ.

“ಕಾಕಾ, ರಾಶಿ ಜಾರಿದ ದಿನ ಮಣ್ಣು ಹಾಕಸಿದ್ರೇನು?”

“ಸಂಜಿ ಆಗೂದರಾಗ. ದಿನಾ ಹಾಕಸತೀವಲ್ರಿ, ಹಂಗ.”

“ಹಂಗಾರ ನಿಮ್ಮ ಹೊಣಿ ಮುಗೀತು. ಅಗೀರಿ ಅನ್ನಾಕ ಯಾರಿಗೂ ಬರೂದಿಲ್ಲ.”

ಇಷ್ಟು ಗಟ್ಟಿಯಾಗಿ ಅವಳು ಎಂದೂ ಮಾತಾಡಿರಲಿಲ್ಲ. ಅವನು ಮಾತ್ರ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ನಂಬಿಕೆ ಬರಲಿಲ್ಲವೇನೋ ಎಂದು ಮತ್ತೆ ಬಿಡಿಸಿ ಹೇಳಿದಳು. ಒಂದು ಬುಟ್ಟಿ ಮಣ್ಣನ್ನೂ ಎತ್ತಬೇಕಾಗಿಲ್ಲ ಎಂದಳು.

“ಫಕೀರೇಶನೂ ಇದನ್ನ ಅಂತಾನ್ರಿ. ನೀವೂ ಅವನ ಮಾತ ಆಡಿದ್ರಿ.”

ವಿದ್ಯಾ ತಬ್ಬಿಬ್ಬಾದಳು. ಮಾಲೀಕನೇ ಬೇಡವೆಂದ ಮೇಲೆ ಇವನಿಗೇನು ಚಿಂತೆ?

“ಅಗಿಯೂದು ನನ್ನ ಹೊಣಿ ಅಂತ ಬರದು ಕೊಡ್ರಿ ಮೇಡಂ. ಹೊಣಿ ಇದ್ರ ಅಷ್ಟ ಅಂವ ಗೇಟ್ ತಗೀಬೇಕಾಗತೈತಿ.”

“ಯಾಕ, ಕಾಕಾ?”

ರಾಶಿ ಜಾರುವ ಮುಂಚಿನ ದಿನ ಮನೆಯಲ್ಲಿ ಗಂಡ ಹೆಂಡಿರ ಜಗಳವಾಗಿತ್ತಂತೆ. ತವರಿಗೆ ಹೋಗಿರುತ್ತಾಳೆ, ತಾನೇ ಬರುತ್ತಾಳೆ ಎಂದು ಪೊಲೀಸರು ಕಳಿಸಿಬಿಟ್ಟಿದ್ದರು. ತವರಿನಲ್ಲಿ ಅವಳಿರಲಿಲ್ಲ.

“ರಾಶಿ ಜಾರಿದ ದಿನ ಬುತ್ತಿ ತರತೇನಿ ಅಂತ ಫೋನ್ ಮಾಡಿದ್ದಳ್ರಿ ಕರೀಮಾಬಿ. ಆ ರಾಶಿ ಬುಡಕ ನನ್ನ ಹೇಣ್ತಿ ಅದಾಳ. ಮ್ಯಾಲ ಮಣ್ಣು ಹಾಕಸಿದಾಂವ ನಾನ.”